ಕೆಳಮನೆ ಅಜ್ಜಿಯ ಹೆಪ್ಪು

ನನ್ನ ಗಂಡನ ಹೊಟ್ಟೆ ಕೆಟ್ಟದ್ದು ಬಸ್ಸಿನಲ್ಲಿ. ಕಂಡಕ್ಟರ್ ಕೆಲಸವೆಂದರೆ ನಿಂತೇ ತಿನ್ನುವ ಕೆಲಸ. ಬೆಳಗಿನ ಟ್ರಿಪ್ಪಿಗೆ ಖಾಲಿ ಹೊಟ್ಟೆಗೆ ಟೀ, ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕರಿದದ್ದೇನೋ ಒಂದು, ಸಂಜೆ ಮತ್ತೆ ಟೀ, ಮನೆಗೆ ಬಂದ ಮೇಲೆ ಕಂಠಮಟ್ಟ ಉಂಡು ಹಾಗೇ ಉರುಳಿಕೊಳ್ಳುವುದು. ನಾನು ಕಟ್ಟಿಕೊಟ್ಟ ಡಬ್ಬಿ ಎಷ್ಟೋ ಸಲ ಮುಚ್ಚಳವನ್ನೂ ತೆಗೆಸಿಕೊಳ್ಳದೆ ಹೋದ ಹಾಗೇ ವಾಪಸ್ಸು ಬರುತ್ತಿತ್ತು.

"ಏನ್ರೀ, ಡಬ್ಬಿಗೆ ಊರು ತೋರಿಸ್ಕೊಂಡು ಬಂದ್ರಾ?" ಎಂದು ನಾನು ಕೂಗುತ್ತಿದ್ದೆ.

"ಹೂಂ ಕಣೇ. ಪಾಪ, ಅದಕ್ಕೂ ದಿನವಿಡೀ ನಿನ್ನ ಮುಖ ನೋಡಿ ಬೇಜಾರಾಗಿತ್ತು" ಎನ್ನುತ್ತಿದ್ದ.

ನಮ್ಮ ಸಂಸಾರ ನಡೆದದ್ದೇ ಹೀಗೆ. ಮಕ್ಕಳಿಲ್ಲ. ಮನೆಯಲ್ಲಿ ಇದ್ದದ್ದು ಅವನು, ನಾನು, ಜಗಳ. ಅವನನ್ನು ನಾನು ಮೊದಲು ಕಂಡದ್ದೂ ಜಗಳದಲ್ಲೇ. ನಾನಿನ್ನೂ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದೆ, ಅಷ್ಟರಲ್ಲಿ ಸೀಟಿ ಊದಿದ. ಬಸ್ಸು ಹೊರಟೇಬಿಟ್ಟಿತು. ಕಂಬಿಗೆ ಜೋತುಬಿದ್ದು ಹೇಗೋ ಒಳಗೆ ಬಂದವಳಿಗೆ ಮೈಯೆಲ್ಲ ಬೆಂಕಿ. ಅವನು ಕಿವಿಯ ಸಂದಿಯಿಂದ ಪೆನ್ನು ತೆಗೆದು, ಏನೂ ಆಗದವನಂತೆ "ಎಲ್ಲಿಗೆ?" ಎಂದ. "ನರಕಕ್ಕೆ" ಎಂದೆ. "ಅದು ಕೊನೇ ಸ್ಟಾಪು. ಮುಂದೆ ಹೋಗಿ ಕೂತ್ಕೊಳ್ಳಿ" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಆ ಮಾತಿಗೇ ನಾನು ಅವನನ್ನು ಕಟ್ಟಿಕೊಂಡದ್ದು ಅಂದರೂ ತಪ್ಪಿಲ್ಲ.

ನಾನು ಕೆಲಸ ಮಾಡುವುದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ರೋಗಿಗಳ ಹೊದಿಕೆ, ದಿಂಬಿನ ಚೀಲ, ಡಾಕ್ಟರುಗಳ ಕೋಟು, ಎಲ್ಲವೂ ನಮ್ಮ ಯಂತ್ರಗಳ ಬಾಯಿಗೇ ಬರಬೇಕು. ಬಟ್ಟೆಗೆ ಏನೇನು ಅಂಟಿ ಬರುತ್ತದೆಂದು ಕಂಡವಳು ಎಂಜಲನ್ನು ಸಹಿಸುವುದಿಲ್ಲ. ನಮ್ಮ ಮನೆಯಲ್ಲಿ ಒಬ್ಬರು ಕುಡಿದ ಲೋಟವನ್ನು ತೊಳೆಯದೆ ಇನ್ನೊಬ್ಬರು ಮುಟ್ಟುವಂತಿಲ್ಲ. ಬಡಿಸುವ ಸೌಟು ತಟ್ಟೆಗೆ ತಾಗಿದರೆ ಮತ್ತೆ ಪಾತ್ರೆಗೆ ಇಳಿಯುವಂತಿಲ್ಲ. ಅವನು ಉಂಡು ಎದ್ದ ಬೆನ್ನಿಗೇ ತಟ್ಟೆ, ಲೋಟ, ಚಮಚ ಎಲ್ಲ ಕುದಿನೀರಿಗೆ. "ನನ್ನನ್ನೂ ಒಂದ್ಸಲ ಕುದಿಸಿಬಿಡು, ನಿನಗೆ ನೆಮ್ಮದಿಯಾಗುತ್ತೆ" ಎನ್ನುತ್ತಿದ್ದ. ಒಮ್ಮೆ ಅವನ ಡ್ಯೂಟಿಯ ಚರ್ಮದ ಚೀಲವನ್ನು ಸೋಪಿನ ನೀರಿಗೆ ಹಾಕಲು ಹೋಗಿ ದೊಡ್ಡ ರಂಪವಾಯಿತು. "ಅದು ನನ್ನ ಅನ್ನದ ಚೀಲ. ಮುಟ್ಟಿದ್ರೆ ನೋಡು!" ಎಂದ. ಆಮೇಲೆ ನಾನು ಅದರ ತಂಟೆಗೆ ಹೋಗಲಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ ಅದು ಹಾಗೇ ನೇತಾಡುತ್ತಿತ್ತು.

ಮೊದಲು ಹುಳಿತೇಗು ಬರುತ್ತಿತ್ತು. ಆಮೇಲೆ ಹೊಟ್ಟೆಯುಬ್ಬರ. ಆಮೇಲೆ ತಿಂದದ್ದು ಒಳಗೆ ನಿಲ್ಲುವುದೇ ನಿಂತುಹೋಯಿತು. ರಜೆ ಹಾಕಿ ಮನೆಯಲ್ಲಿ ಬಿದ್ದುಕೊಂಡ. ಡಾಕ್ಟರು ಒಳಗೆ ಕ್ಯಾಮೆರಾ ಇಳಿಸಿ ನೋಡಿ, "ಹುಣ್ಣು ಇಲ್ಲ, ಗಡ್ಡೆ ಇಲ್ಲ. ಕರುಳು ಸೋತುಹೋಗಿದೆ. ಔಷಧಿಗಿಂತ ಅಡುಗೆಮನೆ ಮುಖ್ಯ. ಮನೆಯ ಊಟ, ಮೆತ್ತಗೆ ಬೇಯಿಸಿದ್ದು, ಹೊತ್ತಿಗೆ ಸರಿಯಾಗಿ, ಸ್ವಲ್ಪ ಸ್ವಲ್ಪ" ಎಂದರು. ಬಾಗಿಲ ತನಕ ಬಂದು, ಅವನಿಗೆ ಕೇಳಿಸದ ಹಾಗೆ, "ಇನ್ನೂ ತೂಕ ಇಳಿದರೆ ಅಡ್ಮಿಟ್ ಮಾಡಿ ಮೂಗಿನಲ್ಲಿ ಟ್ಯೂಬ್ ಹಾಕಬೇಕಾಗುತ್ತದೆ" ಎಂದರು.

ಟ್ಯೂಬಿನ ವಾರ್ಡಿನ ಹೊದಿಕೆಗಳು ನನ್ನ ಕೈಗೇ ಬರುತ್ತವೆ. ಒಬ್ಬ ರೋಗಿಯ ಹೊದಿಕೆ ಕೆಲವು ದಿನ ಬಂದು ಆಮೇಲೆ ಬರುವುದು ನಿಂತರೆ ಅದಕ್ಕೆ ಏನು ಅರ್ಥವೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅವತ್ತಿನಿಂದ ನಾನು ಒಲೆಯ ಮುಂದೆ ನಿಂತೆ. ಅಕ್ಕಿಯನ್ನು ಗಂಜಿಯಾಗುವ ತನಕ ಬೇಯಿಸಿದೆ. ಕುಂಬಳಕಾಯಿಯನ್ನು ಮಸೆದೆ. ಬೇಳೆಯ ನೀರನ್ನು ಸೋಸಿ ಕೊಟ್ಟೆ. ಶುಂಠಿ ತೇಯ್ದೆ, ಸೊಪ್ಪಿನ ನಾರು ತೆಗೆದೆ, ಎಣ್ಣೆಯ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿಟ್ಟೆ. ಕೊಟ್ಟದ್ದನ್ನೆಲ್ಲ ನುಂಗಿದ, ನುಂಗಿದ್ದನ್ನೆಲ್ಲ ಕಕ್ಕಿದ. ಕೊನೆಕೊನೆಗೆ ಬಯ್ಯುವುದನ್ನೂ ಬಿಟ್ಟ. ಅದಕ್ಕೇ ನನಗೆ ಭಯವಾದದ್ದು.

ಕೆಳಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಹಿಂದೆ ಯಾವುದೋ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದವಳಂತೆ. ವಯಸ್ಸು ಅವಳಿಗೇ ಗೊತ್ತಿರಲಿಲ್ಲ. ಒಂದು ದಿನವೂ ಹೊಟ್ಟೆನೋವೆಂದು ಮಲಗಿದ್ದನ್ನು ಯಾರೂ ಕಂಡವರಿಲ್ಲ. ನಮ್ಮ ಜಗಳ ಜೋರಾದರೆ ಪೊರಕೆಯ ಹಿಡಿಯಿಂದ ತನ್ನ ಮನೆಯ ಸೂರಿಗೆ ಕುಟ್ಟುತ್ತಿದ್ದಳು. ಮರುದಿನ ಮೆಟ್ಟಿಲಲ್ಲಿ ಸಿಕ್ಕಾಗ, "ನಿನ್ನೆ ಜಗಳ ರುಚಿಯಾಗಿತ್ತು ಕಣೇ ಸಾಸಿವೆ" ಎನ್ನುತ್ತಿದ್ದಳು. ನನ್ನನ್ನು ಅವಳು ಕರೆಯುತ್ತಿದ್ದದ್ದೇ ಸಾಸಿವೆ ಅಂತ. ಕಾದರೆ ಸಿಡಿಯುತ್ತೀಯಲ್ಲ, ಅದಕ್ಕೆ ಅನ್ನುವಳು. ಅದೂ ಕಿವಿಯ ಹತ್ತಿರ ಬಂದು, ನಾವಿಬ್ಬರೇ ಇದ್ದಾಗ ಮಾತ್ರ.

ಅವಳು ಸಂಜೆಯ ಬಿಸಿಲು ಹೊಸ್ತಿಲಿಗೆ ಬಂದ ಹೊತ್ತಿಗೆ ಉಣ್ಣುತ್ತಿದ್ದಳು, ದೀಪ ಹಚ್ಚಿದ ಮೇಲೆ ನೀರು ಬಿಟ್ಟು ಇನ್ನೇನೂ ಇಲ್ಲ. ಬಲಗಡೆಯ ದವಡೆ ಹಲ್ಲು ಉದುರಿದ್ದರಿಂದ ಎಡಗಡೆಯಲ್ಲೇ ಅಗಿಯುತ್ತಿದ್ದಳು, ಆಡು ಮೆಲುಕು ಹಾಕಿದ ಹಾಗೆ, ಕಣ್ಣು ಅರ್ಧ ಮುಚ್ಚಿ. ಉಣ್ಣುವ ಮೊದಲು ಮೊಸರಿನ ಕುಡಿಕೆಯ ಬಾಯಿಯ ಮೇಲೆ ಅಂಗೈ ಇಡುತ್ತಿದ್ದಳು, ಮಗುವಿಗೆ ಜ್ವರ ಇದೆಯೋ ಎಂದು ನೋಡುವ ಹಾಗೆ. ಯಾರಾದರೂ ಬೇಗ ಬೇಗ ತಿಂದರೆ, "ಅವಸರ ಯಾಕೆ, ತಟ್ಟೆ ಓಡಿಹೋಗುತ್ತಾ?" ಎಂದು ಕೇಳುವಳು.

ಮೇಲೆ ಜಗಳದ ಸದ್ದಿಲ್ಲದ್ದನ್ನು ಕೇಳಿ ಅವಳೇ ಹತ್ತಿ ಬಂದಳು. ಕೈಯಲ್ಲಿ ಆ ಮಣ್ಣಿನ ಕುಡಿಕೆ ಇತ್ತು. ಅಂಚಿನಲ್ಲಿ ಒಣಗಿದ ಮೊಸರು ಪದರ ಪದರವಾಗಿ ಹತ್ತಿತ್ತು. ನೋಡಿಯೇ ನನಗೆ ಮೈ ಜುಮ್ಮೆಂದಿತು.

"ಇದನ್ನ ಅವನಿಗೆ ಕೊಡು. ಬಟ್ಟಲಿಗೆ ಬಡಿಸ್ಬೇಡ. ಕುಡಿಕೆಯಲ್ಲೇ ತಿನ್ನಲಿ, ಅವನ ಚಮಚ ಅದ್ರಲ್ಲೇ ಆಡ್ಲಿ. ತಿಂದು ತಳದಲ್ಲಿ ಸ್ವಲ್ಪ ಉಳಿಸ್ಲಿ, ಅದರ ಮೇಲೇ ಹಾಲು ಹೊಯ್ಯಿ. ಕುಡಿಕೆ ತೊಳೆಯೋ ಹಾಗಿಲ್ಲ" ಎಂದಳು.

"ಎಂಜಲಿಗೆ ಹಾಲು ಹೊಯ್ಯೋದಾ ಅಜ್ಜಿ?"

"ಎಂಜಲೇ ಹೆಪ್ಪು ಕಣೇ. ಯಾರ ಬಾಯಿ ತಾಗುತ್ತೋ ಅದು ಅವರ ಹೊಟ್ಟೆ ಕಲಿಯುತ್ತೆ. ಇಷ್ಟು ವರ್ಷ ನನ್ನದನ್ನ ಕಲ್ತಿದೆ. ಇನ್ಮೇಲೆ ಅವನದನ್ನ ಕಲೀಲಿ. ಮೊದಲ ದಿನದಿಂದಲೇ ಅವನ ಬಾಯಿ ತಾಗ್ಬೇಕು. ಇಲ್ದಿದ್ರೆ ಅದು ನನ್ನದಾಗೇ ಉಳಿಯುತ್ತೆ."

"ಆಯ್ತಜ್ಜಿ" ಎಂದೆ. ಅವಳು ಇಳಿದು ಹೋದ ಮೇಲೆ ಒಂದು ಸ್ಟೀಲಿನ ಪಾತ್ರೆ ಕುದಿಸಿದೆ. ಕುದಿಸಿದ ಚಮಚದಿಂದ ಕುಡಿಕೆಯ ನಡುವಿನ ಮೊಸರನ್ನಷ್ಟೇ, ಅಂಚಿಗೆ ತಾಗಿಸದೆ, ಅದಕ್ಕೆ ತೆಗೆದುಕೊಂಡೆ. ಆಮೇಲೆ ಕುಡಿಕೆಯನ್ನು ಬ್ರಷ್ಷು ಹಾಕಿ ಉಜ್ಜಿದೆ. ಮಣ್ಣಿನ ನಿಜವಾದ ಬಣ್ಣ ಕಾಣುವ ತನಕ ಉಜ್ಜಿ, ಒರೆಸಿ, ವಾಪಸ್ಸು ಕೊಟ್ಟೆ. ಒಳ್ಳೆಯ ಕೆಲಸವನ್ನೇ ಮಾಡಿದ್ದೇನೆಂಬ ಧೈರ್ಯ ನನಗೆ.

ಅಜ್ಜಿ ಕುಡಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಳಗೆ ಮೂಗಿಟ್ಟು ಮೂಸಿದಳು.

"ತೊಳೆದುಬಿಟ್ಯಾ" ಎಂದಳು. ಬಯ್ಯಲಿಲ್ಲ. "ಹೋಗ್ಲಿ ಬಿಡು. ನಾನೀಗ ನಿನ್ನ ಮನೇಲೇ ಇದೀನಿ ಅಂದ್ಹಾಗಾಯ್ತು."

ಮಾರನೆಯ ದಿನ ನನ್ನ ಪಾತ್ರೆಯಿಂದ ಒಂದು ಬಟ್ಟಲು ಮೊಸರು ಒಯ್ದು ಕೊಟ್ಟೆ. ಬೇಡವೆಂದಳು. ಊಟವೇ ಬೇಡವೆಂದಳು. ಆ ವಾರ ಕಳೆಯುವ ಮೊದಲೇ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡಳು. ವಯಸ್ಸಾಗಿತ್ತು ಎಂದರು ಎಲ್ಲರೂ. ನಾನೂ ಹಾಗೇ ಎಂದೆ.

ಆ ಹೊತ್ತಿಗೆ ನನ್ನ ಗಂಡನ ಹೊಟ್ಟೆಯಲ್ಲಿ ಊಟ ನಿಲ್ಲತೊಡಗಿತ್ತು. ಮೊದಲು ಮೊಸರಿನ ತಿಳಿ, ಆಮೇಲೆ ಮೊಸರು ಕಲಸಿದ ಗಂಜಿ, ಆಮೇಲೆ ಮೆತ್ತಗಿನ ಅನ್ನ, ಬೇಯಿಸಿದ ತರಕಾರಿ. ಕೆನ್ನೆಯ ಗುಂಡಿ ತುಂಬಿತು. ಡಾಕ್ಟರು ತೂಕ ನೋಡಿ, "ಏನು ಮಾಡಿದ್ರಿ?" ಎಂದರು. "ಅಡುಗೆ ಮಾಡಿದೆ" ಎಂದೆ. ಅವತ್ತು ನನ್ನ ಜಂಬ ನೋಡಬೇಕಿತ್ತು.

ಅವನು ನಿಧಾನವಾಗಿ ತಿನ್ನುತ್ತಿದ್ದ. ಒಳ್ಳೆಯದೇ, ಡಾಕ್ಟರು ಹೇಳಿದ್ದೂ ಅದನ್ನೇ. ಸಂಜೆಯ ಬಿಸಿಲು ಇನ್ನೂ ಇರುವಾಗಲೇ ಊಟ ಕೇಳುತ್ತಿದ್ದ. ಅದೂ ಒಳ್ಳೆಯದೇ. ನಮ್ಮ ಮನೆಯ ಹೊಸ್ತಿಲಿಗೆ ಬಿಸಿಲು ಬೀಳುವುದಿಲ್ಲ. ಆದರೂ ಅವನು ಹೊಸ್ತಿಲನ್ನು ನೋಡಿಯೇ ಎದ್ದು ಬರುತ್ತಿದ್ದ.

ಒಂದು ದಿನ ಬಡಿಸುತ್ತ ಗಮನಿಸಿದೆ. ಎಡಗಡೆಯಲ್ಲೇ ಅಗಿಯುತ್ತಿದ್ದ.

"ಹಲ್ಲು ನೋವಾ?"

"ಇಲ್ವಲ್ಲ."

"ಮತ್ತೆ ಬಲಗಡೆ ಅಗಿಯಲ್ವಲ್ಲ?"

"ಬಲಗಡೆ ಎಲ್ಲಿದೆ ಹಲ್ಲು?" ಎಂದ. ಬಾಯಿ ತೆರೆಸಿ ನೋಡಿದೆ. ಕಲ್ಲು ಕಡಿಯುವಂಥ ಹಲ್ಲುಗಳು, ಒಂದೂ ಬಿದ್ದಿರಲಿಲ್ಲ.

ನನ್ನ ತಲೆ ಕೆಟ್ಟಿದೆ, ಅಷ್ಟೇ, ಎಂದುಕೊಂಡೆ. ಆದರೆ ಅವನು ಮೊಸರಿನ ಪಾತ್ರೆಯ ಮೇಲೆ ಅಂಗೈ ಇಡತೊಡಗಿದ. ನನ್ನ ಜೊತೆ ಜಗಳ ಬಿಟ್ಟುಬಿಟ್ಟ. ಬೇಕೆಂದೇ ಕೆಣಕಿದೆ. ಅವನ ಅಮ್ಮನಿಂದ ಹಿಡಿದು ಡಿಪೋ ಮ್ಯಾನೇಜರನ ತನಕ ಎಲ್ಲರನ್ನೂ ಎಳೆದು ತಂದು ಬೈದೆ. ತಲೆ ಅಲ್ಲಾಡಿಸಿ ನಗುತ್ತ ಕೂತ.

ಅವನ ಬಸ್ಸಿನ ಡ್ರೈವರು ನೋಡಲು ಬಂದ. ಇಬ್ಬರೂ ವರ್ಷಗಟ್ಟಲೆ ಒಂದೇ ಬಸ್ಸಿನಲ್ಲಿ ಒಬ್ಬರಿಗೊಬ್ಬರು ಬೈದುಕೊಂಡು ಬದುಕಿದವರು.

"ಏನಪ್ಪಾ, ರಜೆ ಹಾಕಿ ಹೆಂಡತಿ ಕೈ ಅಡುಗೆ ತಿಂದು ಅಳಿಯನ ಹಾಗೆ ಊದ್ಕೊಂಡಿದೀಯ! ಬಸ್ಸಿನ ಬಾಗಿಲಲ್ಲಿ ಹಿಡಿಸ್ತೀಯೋ ಇಲ್ವೋ?" ಎಂದು ಬೆನ್ನಿಗೆ ಬಾರಿಸಿದ. ನಾನು ಕೊಟ್ಟ, ಉಪ್ಪು ಹಾಕಿ ಬೇಯಿಸಿದ ಕಾಳನ್ನು ಗಬಗಬ ಬಾಯಿಗೆ ಹಾಕಿಕೊಂಡ.

ನನ್ನ ಗಂಡ ಅವನ ಮಣಿಕಟ್ಟು ಹಿಡಿದ. "ಅವಸರ ಯಾಕೆ, ತಟ್ಟೆ ಓಡಿಹೋಗುತ್ತಾ?" ಎಂದ.

ಡ್ರೈವರು ನಗಲು ಹೋಗಿ ನಿಲ್ಲಿಸಿದ. ಹೊರಡುವಾಗ ಮೆಟ್ಟಿಲಲ್ಲಿ, "ಅತ್ತಿಗೆ, ಮೈಯೇನೋ ಚೆನ್ನಾಗಾಗಿದೆ" ಎಂದ. ಚಪ್ಪಲಿ ಹಾಕಿಕೊಂಡು, "ಆದ್ರೆ ನನ್ನ ಬೈಲಿಲ್ಲ ನೋಡಿ" ಎಂದ.

ಒಳಗೆ ಬಂದೆ. ನನ್ನ ಗಂಡ ತಲೆ ಎತ್ತಿ ಎಡಗಡೆಯಲ್ಲಿ ಅಗಿಯುತ್ತ, "ಹೋದನೇನೇ ಸಾಸಿವೆ?" ಎಂದ.

ಅಜ್ಜಿ ನನ್ನ ಕಿವಿಯಲ್ಲಷ್ಟೇ ಕರೆಯುತ್ತಿದ್ದ ಹೆಸರು. ಮೆಟ್ಟಿಲಲ್ಲಿ ಎಂದಾದರೂ ಕೇಳಿಸಿಕೊಂಡಿದ್ದಾನು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಸ್ವರ ಬಂದದ್ದು ಬಾಯಿಂದಲ್ಲ. ಹೊಟ್ಟೆಯ ಕಡೆಯಿಂದ.

ಮೊಸರಿನ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಮೋರಿಗೆ ಸುರಿದೆ. ಒಂದು ಚಮಚ ಮಾತ್ರ ಲೋಟದಲ್ಲಿ ಮುಚ್ಚಿಟ್ಟೆ. ನನಗೆ ಕೋಪ ಬರುತ್ತದೆ ನಿಜ, ಬುದ್ಧಿ ಪೂರ್ತಿ ಹೋಗುವುದಿಲ್ಲ. ಅಂಗಡಿಯಿಂದ ಮೊಸರು ತಂದೆ. ಗಂಜಿ ಅದೇ, ಕುಂಬಳಕಾಯಿ ಅದೇ, ಹೊತ್ತು ಅದೇ. ತಿಂದ ಸ್ವಲ್ಪ ಹೊತ್ತಿಗೆಲ್ಲ ಕಕ್ಕಿದ. ಮರುದಿನವೂ ಕಕ್ಕಿದ. ತುಂಬಿದ್ದ ಕೆನ್ನೆ ಮತ್ತೆ ಗುಂಡಿಬಿತ್ತು. ಹಾಸಿಗೆಯಲ್ಲಿ ಮಲಗಿ ಹೊಸ್ತಿಲ ಕಡೆ ನೋಡುತ್ತ ಹಸಿವು, ಹಸಿವು ಎಂದು ನರಳಿದ. ನನ್ನ ಕಣ್ಣ ಮುಂದೆ ಟ್ಯೂಬಿನ ವಾರ್ಡಿನ ಹೊದಿಕೆಗಳು ಸುಳಿದವು. ಲೋಟದ ಮುಚ್ಚಳ ತೆಗೆದು, ಆ ಒಂದು ಚಮಚಕ್ಕೆ ಬೆಚ್ಚಗಿನ ಹಾಲು ಹೊಯ್ದೆ.

ಆಗ ನೆನಪಾದದ್ದು ಅಜ್ಜಿ ಹೇಳಿದ ಮಾತು. ಅವನ ಬಾಯಿ ತಾಗಬೇಕು. ಇಷ್ಟು ದಿನ ನಾನು ಶುದ್ಧವಾದ ಸೌಟಿನಲ್ಲಿ ಬಟ್ಟಲಿಗೆ ಬಡಿಸಿದ್ದೆ. ಪಾತ್ರೆಯೊಳಗಿನ ಹೆಪ್ಪಿಗೆ ಬೇರೆ ಯಾರ ಗಾಳಿಯೂ ಸೋಕದಂತೆ ಅಜ್ಜಿಯನ್ನು ಜೋಪಾನ ಮಾಡಿದವಳು ನಾನೇ.

ಮರುದಿನ ಪಾತ್ರೆಯನ್ನೇ ಅವನ ಮುಂದಿಟ್ಟೆ. "ಬಟ್ಟಲು ಬೇಡ. ಇದ್ರಲ್ಲೇ ತಿನ್ನಿ. ತಳದಲ್ಲಿ ಸ್ವಲ್ಪ ಬಿಡಿ" ಎಂದೆ. ಅಂಗೈ ಇಟ್ಟ, ಕಣ್ಣು ಅರ್ಧ ಮುಚ್ಚಿದ, ಎಡಗಡೆಯಲ್ಲಿ ಮೆಲ್ಲಗೆ ಅಗಿದ. ಉಳಿದದ್ದಕ್ಕೆ ಹಾಲು ಹೊಯ್ದೆ. ಬೆಳಿಗ್ಗೆ ಮೊಸರು ಹಿಂದೆಂದಿಗಿಂತ ಗಟ್ಟಿಯಾಗಿತ್ತು. ಅವನು ನನ್ನ ಕೆನ್ನೆ ಸವರಿ, "ಈಗ ಕಲ್ತೆ ನೋಡು" ಎಂದ. ತಡವಾಗಿತ್ತು. ಆ ಬಾಯಿ ಅವನದಾಗಿ ಉಳಿದಿರಲಿಲ್ಲ.

ಹಾಗಾದರೆ ಬೇರೆ ಬಾಯಿ ಬೇಕು. ಮನೆಯಲ್ಲಿದ್ದದ್ದು ನನ್ನದೊಂದೇ. ಹಟಕ್ಕೆ ಬಿದ್ದು ಪಾತ್ರೆ ಎತ್ತಿಕೊಂಡು ಅಡುಗೆಮನೆಯ ಮೂಲೆಯಲ್ಲಿ ನಿಂತು ತಿಂದೆ. ಅವನ ಎಂಜಲು, ಅಜ್ಜಿಯ ಎಂಜಲು, ಎಲ್ಲ. ಚಮಚವನ್ನು ನೆಕ್ಕಿ ಮತ್ತೆ ಅದ್ದಿದೆ. ತಳದಲ್ಲಿ ಉಳಿದದ್ದಕ್ಕೆ ಹಾಲು ಹೊಯ್ದು ಮುಚ್ಚಿದೆ. ದಿನಾ ಹಾಗೇ ಮಾಡಿದೆ, ಮೊದಲು ನಾನು, ಆಮೇಲೆ ಅವನಿಗೆ ಬಟ್ಟಲಿನಲ್ಲಿ.

ಅಂಗೈ ಇಡುವುದು ನಿಂತಿತು. ಎರಡೂ ಕಡೆ ಅಗಿಯತೊಡಗಿದ. ಹೊಸ್ತಿಲು ನೋಡುವುದೂ ನಿಂತಿತು. ಊಟ ಒಳಗೆ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ತಟ್ಟೆಯನ್ನು ಟಣ್ಣೆಂದು ಕುಕ್ಕಿದ.

"ಯಾರು ತೊಳ್ದಿದ್ದು ಇದನ್ನ? ಅಂಚಲ್ಲಿ ಸೋಪು ಹಾಗೇ ಇದೆ!"

ನನಗೆ ಕುಣಿಯುವಷ್ಟು ಖುಷಿ. "ನಾನೇ ತೊಳ್ದಿದ್ದು, ಏನೀಗ?" ಎಂದು ಸೊಂಟಕ್ಕೆ ಕೈ ಕೊಟ್ಟೆ. ಅವನೂ ಎದ್ದು ಸೊಂಟಕ್ಕೆ ಕೈ ಕೊಟ್ಟ. "ಏನೀಗ ಅಂದ್ರೆ?" ಎಂದು ನಾವಿಬ್ಬರೂ ಒಟ್ಟಿಗೇ ಕೂಗಿದೆವು. ಒಂದೇ ಮಾತು, ಒಂದೇ ಏರಿಳಿತ. ನಾನು ಸೊಂಟದಿಂದ ಕೈ ಇಳಿಸಿದೆ. ಅವನೂ ಅದೇ ಕ್ಷಣಕ್ಕೆ ಇಳಿಸಿದ.

ನಾನು ಕೆಲಸದಿಂದ ಬರುವಷ್ಟರಲ್ಲಿ ಅವನು ನಲ್ಲಿಗಳನ್ನು ಉಜ್ಜಿರುತ್ತಿದ್ದ, ಲೋಟಗಳನ್ನು ಕುದಿಸಿರುತ್ತಿದ್ದ. ಬೆರಳ ಸಂದಿ ಉರಿಯುತ್ತದೆ, ಆ ಬ್ಲೀಚಿನ ದರಿದ್ರ, ಎಂದು ಕೈ ಕೊಡವುತ್ತಿದ್ದ. ಬ್ಲೀಚು ಮುಟ್ಟುವವಳು ನಾನು. ಒಂದು ದಿನ ಯಂತ್ರ ಕೆಟ್ಟು ಕೆಲಸ ಮೈಮೇಲೆ ಬಿದ್ದು ನನಗೆ ಉಣ್ಣಲು ಹೊತ್ತು ಸಿಗಲಿಲ್ಲ. ಡಬ್ಬಿ ಹಾಗೇ ತಂದೆ. ಬಾಗಿಲಲ್ಲೇ ಕೈಯಿಂದ ಕಿತ್ತುಕೊಂಡು ತೂಗಿ ನೋಡಿದ.

"ಏನೇ, ಡಬ್ಬಿಗೆ ಊರು ತೋರಿಸ್ಕೊಂಡು ಬಂದ್ಯಾ?"

ನನ್ನ ಮಾತು. ಇದಕ್ಕೆ ಒಂದು ಉತ್ತರವಿತ್ತು. ಅದನ್ನು ಹೇಳುವವನು ಎದುರಿಗೇ ನಿಂತಿದ್ದ, ಆದರೆ ಹೇಳುವವನಾಗಿ ಅಲ್ಲ. ನಾನು ಕಾದೆ. ಕೊನೆಗೆ ನಾನೇ, "ಪಾಪ, ಅದಕ್ಕೂ ನಿಮ್ಮ ಮುಖ ನೋಡಿ ಬೇಜಾರಾಗಿತ್ತು" ಎಂದೆ. ಅವನು ನಗಲಿಲ್ಲ. ಇಂಥ ಮಾತಿಗೆ ನಾನೂ ಎಂದೂ ಎದುರಿಗೆ ನಕ್ಕವಳಲ್ಲ. ಮುಖ ತಿರುಗಿಸಿಕೊಂಡು ಹೋಗಿ ಡಬ್ಬಿ ಉಜ್ಜತೊಡಗಿದ.

ಇಪ್ಪತ್ತು ಸಲ ತಿಕ್ಕಿದರೂ ತೃಪ್ತಿಯಿಲ್ಲದ ಆ ಬೆನ್ನನ್ನು ಹಿಂದಿನಿಂದ ನೋಡುತ್ತ ನಿಂತೆ. ಹೀಗೆ ಇರುತ್ತೇನೆಯೇ ನಾನು?

ಅವನ ಬಾಯಿ ಬೇಕಿತ್ತು ನನಗೆ. ಹಳೆಯದು, ಅಜ್ಜಿಯ ಹೆಪ್ಪು ಸೋಕುವ ಮೊದಲಿನದು. ಮನೆಯೆಲ್ಲ ಹುಡುಕಿದೆ. ಹಲ್ಲುಜ್ಜುವ ಬ್ರಷ್ಷನ್ನು ಕಾಯಿಲೆ ಬಂದಾಗ ನಾನೇ ಬಿಸಾಡಿ ಹೊಸದು ತಂದಿದ್ದೆ. ಲೋಟ, ಚಮಚ, ಡಬ್ಬಿ ಎಲ್ಲ ಕುದಿನೀರು ಕಂಡವು. ದಿಂಬಿನ ಚೀಲ ಆಸ್ಪತ್ರೆಯ ಹಬೆಯಲ್ಲಿ ಬೆಂದು ಬಂದದ್ದು. ಕರವಸ್ತ್ರಗಳು ಇಸ್ತ್ರಿಯಾಗಿ ಸಾಲಾಗಿ ಮಲಗಿದ್ದವು. ಇಷ್ಟು ವರ್ಷ ನನ್ನ ಜೊತೆ ಉಂಡು ಕುಡಿದು ಬದುಕಿದವನು ಒಂದೇ ಒಂದು ಕಲೆಯನ್ನೂ ಎಲ್ಲೂ ಉಳಿಸಿರಲಿಲ್ಲ. ನಾನು ಉಳಿಸಗೊಟ್ಟಿರಲಿಲ್ಲ. ಬಾಗಿಲಿಗೆ ಒರಗಿ ಕೂತುಬಿಟ್ಟೆ. ಬಾಗಿಲು ಸರಿಯಿತು. ತಲೆಗೆ ಏನೋ ತಾಗಿತು.

ಚರ್ಮದ ಚೀಲ.

ಒಳಗಿನ ಸಣ್ಣ ಜೇಬಿನಲ್ಲಿ ಕರಿಯ ಪ್ಲಾಸ್ಟಿಕ್ಕಿನ ಸೀಟಿ ಇತ್ತು. ಬಾಯಿಗೆ ಇಡುವ ಕಡೆ ಹಲ್ಲಿನ ಗುರುತು ಬಿದ್ದು ಬಿದ್ದು ತಗ್ಗಾಗಿತ್ತು. ಸಂದಿಯಲ್ಲಿ ವರ್ಷಗಳ ಕೊಳೆ. ಗೋಲಿ ಅಂಟಿಕೊಂಡು ಅಲ್ಲಾಡುತ್ತಿರಲಿಲ್ಲ. ನನ್ನ ಕೈ ತಾನಾಗಿಯೇ ನಲ್ಲಿಯ ಕಡೆ ಹೋಯಿತು. ನೀರೂ ಬಿಟ್ಟೆ. ಬಿಟ್ಟ ನೀರನ್ನು ನೋಡುತ್ತ ನಿಂತು, ಹಲ್ಲು ಕಚ್ಚಿ ನಲ್ಲಿ ತಿರುಗಿಸಿದೆ. ಹಿಂದೆ ಅವನು ನಿಂತಿದ್ದ.

"ಥೂ, ಎಷ್ಟು ಗಲೀಜು. ಕುದಿಸು ಅದನ್ನ" ಎಂದ, ಥೇಟು ನನ್ನ ಹಾಗೆಯೇ ಮೂಗು ಮುರಿದು.

"ಕುದಿಸ್ತೀನಿ" ಎಂದೆ. ಹೊಸ ಪಾತ್ರೆಗೆ ಬೆಚ್ಚಗಿನ ಹಾಲು ಹೊಯ್ದು, ಬೇರೇನೂ ಹಾಕದೆ, ಸೀಟಿಯನ್ನು ಮುಳುಗಿಸಿ ಮುಚ್ಚಿದೆ. ಹಳೆಯ ಪಾತ್ರೆಯ ಮೊಸರನ್ನು ತಳದ ತನಕ ಮೋರಿಗೆ ಸುರಿದೆ. ಈ ಸಲ ಒಂದು ಚಮಚವನ್ನೂ ಉಳಿಸಲಿಲ್ಲ.

ಬೆಳಿಗ್ಗೆ ಹಾಲು ಹೆಪ್ಪುಗಟ್ಟಿತ್ತು. ಮೇಲೆ ತೆಳುವಾಗಿ ಬೂದು ಬಣ್ಣದ ಕೆನೆ. ಬಸ್ಸಿನ ಸೀಟಿನ ವಾಸನೆ, ಧೂಳು, ಟೀ. ಸೀಟಿ ಹೊರತೆಗೆದೆ. ಗಂಜಿ ಕಲಸಿ, ಪಾತ್ರೆಯನ್ನೇ ಅವನ ಮುಂದಿಟ್ಟು, ಎದುರಿಗೆ ಕೂತೆ. ಮುಖ ಹಿಂಡಿಕೊಂಡು ಒಂದು ಚಮಚ ಬಾಯಿಗಿಟ್ಟ. ಇನ್ನೊಂದು ಇಟ್ಟ. ಮೂರನೆಯದಕ್ಕೆ ಎದ್ದು ನಿಂತ.

ನಿಂತೇ ತಿಂದ. ಕಾಲು ಅಗಲಿಸಿ, ಒಂದು ಕೈಯಲ್ಲಿ ಹಲಗೆಯ ಅಂಚು ಹಿಡಿದುಕೊಂಡು. ನೆಲ ಅಲ್ಲಾಡುತ್ತಿದ್ದ ಹಾಗೆ ಅವನ ಮೊಣಕಾಲು ಸಣ್ಣಗೆ ಬಾಗುತ್ತಿತ್ತು, ಏಳುತ್ತಿತ್ತು. ತಳದಲ್ಲಿ ಒಂದು ಚಮಚದಷ್ಟು ಬಿಟ್ಟು ಎಲ್ಲ ಮುಗಿಸಿದ. ನಾನು ಬಕೆಟ್ಟು ಹತ್ತಿರ ಎಳೆದುಕೊಂಡು ಕಾದೆ. ಕಕ್ಕಲಿಲ್ಲ. ಒಂದು ತೇಗು ತೇಗಿದ, ಹುಳಿಯಿಲ್ಲದ, ಸುಖವಾದ ತೇಗು. ಕೈ ಕಿವಿಯ ಸಂದಿಗೆ ಹೋಗಿ ಇಲ್ಲದ ಪೆನ್ನನ್ನು ತಡಕಿತು. ನನ್ನನ್ನು ನೋಡಿದ. ಎಂದೂ ಕಾಣದವಳನ್ನು ನೋಡಿದ ಹಾಗೆ.

"ಎಲ್ಲಿಗೆ?" ಎಂದ.

ಅವನ ಸ್ವರ. ಅವನದೇ. ನನ್ನ ಕಣ್ಣು ತುಂಬಿ ಬಂತು. ಆ ಸೀಟಿ ಮನೆಯಲ್ಲಿ ಎಂದೂ ಚೀಲದಿಂದ ಹೊರಗೆ ಬಂದದ್ದೇ ಇಲ್ಲವಲ್ಲ ಎಂಬುದು ಹೊಳೆದದ್ದೂ ಆಗಲೇ. ಅದಕ್ಕೆ ಗೊತ್ತಿದ್ದದ್ದು ಬಸ್ಸೊಂದೇ.

"ಎಲ್ಲಿಗಮ್ಮಾ? ಬೇಗ ಹೇಳಿ."

"ನರಕಕ್ಕೆ" ಎಂದೆ.

"ಅದು ಕೊನೇ ಸ್ಟಾಪು. ಮುಂದೆ ಹೋಗಿ ಕೂತ್ಕೊಳ್ಳಿ."

ಹೋಗಿ ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಕೂತೆ. ಇನ್ನೇನು ಮಾಡಲಿ? ಅವನು ಉಂಡಿದ್ದ, ಉಂಡದ್ದು ಒಳಗಿತ್ತು, ಬಾಯಲ್ಲಿ ಅವನ ಮಾತಿತ್ತು. ತಳದಲ್ಲಿ ಉಳಿದದ್ದಕ್ಕೆ ಹಾಲು ಹೊಯ್ಯಬೇಕು, ದಿನಾ ಇದರಲ್ಲೇ ತಿನ್ನಿಸಬೇಕು, ಒಂದು ದಿನವಾದರೂ ನನ್ನನ್ನು ಗುರುತು ಹಿಡಿದಾನು ಎಂದು ಲೆಕ್ಕ ಹಾಕುತ್ತಿದ್ದೆ.

ಅವನು ಖಾಲಿ ಅಡುಗೆಮನೆಯಲ್ಲಿ ಮೆಲ್ಲಗೆ ತೂಗಾಡುತ್ತ ಬಾಗಿಲ ಕಡೆ ಹೋದ. ಹೊಸ್ತಿಲಲ್ಲಿ ಬಗ್ಗಿ, ನನಗೆ ಕಾಣದ, ಕೆಳಮನೆ ಅಜ್ಜಿಯಷ್ಟೇ ಗಿಡ್ಡವಾದ ಯಾರಿಗೋ ಕೈ ಕೊಟ್ಟು ಮೇಲೆತ್ತಿಕೊಂಡ ಹಾಗೆ ಮಾಡಿದ.

"ನಿಧಾನ ಅಜ್ಜಿ, ನಿಧಾನ. ಅವಸರ ಯಾಕೆ, ಬಸ್ಸು ಓಡಿಹೋಗುತ್ತಾ?"

ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ಸ್ವಲ್ಪ ಜರುಗಿ. ವಯಸ್ಸಾದವ್ರು" ಎಂದ.

ನಾನು ಜರುಗಿ ಜಾಗ ಬಿಟ್ಟೆ.